ಅಂಚೆಯ ಚೀಲದಲ್ಲಿ ಗಾಜು

ಗುಂಡ್ಲುಪೇಟೆಯ ಪರವಾಸುದೇವರ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯವರ ನೆನಪಿಗಾಗಿ ಕಟ್ಟಿಸಿದರೆಂಬುದು ಈ ಪ್ರಾಂತದ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಪಟ್ಟಕ್ಕೆ ಬರುವುದಕ್ಕೆ ಮುಂಚೆ ಅವರು ಗುಂಡ್ಲುಪೇಟೆಗೆ ದಕ್ಷಿಣದಲ್ಲಿರುವ ಹಂಗಳದಲ್ಲಿ ಕೆಲವು ಕಾಲ ನಿರ್ಬಂಧದಲ್ಲಿದ್ದರೆಂದೂ ಇತಿಹಾಸಕಾರರು ಬರೆದಿರುವರು. ೧೬೭೩ರಿಂದ ೧೭೦೪ರವರೆಗೆ ರಾಜ್ಯವಾಳಿದ ಈ ದೊರೆಯೇ ಮೈಸೂರಿನ ಅಂಚೆಗೆ ಮೂಲಪುರುಷರು. ಆದುದರಿಂದ ಅಂಚೆಯ ವಿಷಯವಾಗಿ ಏನನ್ನಾದರೂ ಬರೆಯುವಾಗ ಗುಂಡ್ಲುಪೇಟೆಯಿಂದ ಪ್ರಾರಂಭಿಸುವುದು ಅಪ್ರಸ್ತುತವಾಗಲಾರದು.

ಹಂಸವೆಂಬ ಸಂಸ್ಕೃತ ಶಬ್ದಕ್ಕೆ ಹಳಗನ್ನಡದಲ್ಲಿ ಅಂಚೆಯೆಂಬ ತದ್ಭವವುಂಟು. ನಳದಮಯಂತಿಯರ ನಡುವೆ ಓಡಾಡಿದ ಹಂಸದ ಹೆಸರೇ ಕಾಗದ ಸಾಗಿಸುವ ಏರ್ಪಾಡಿಗೂ ಬಂದಿತೆಂದು ಹೇಳುವವರುಂಟು. ಈ ವ್ಯುತ್ಪತ್ತಿಯು ರಮಣೀಯವಾಗಿದೆ. ಅದರ ಸತ್ಯಾಸತ್ಯತೆಯನ್ನು ವೈಯಾಕರಣರಿಗೆ ಬಿಡಬಹುದು. ಇಲ್ಲಿ ಗಮನಿಸತಕ್ಕ ಅಂಶವು ಬೇರೊಂದು. ಆ ಹಂಸವು ಹೊತ್ತುಕೊಂಡು ಹೋದುದು ಮಾತನ್ನು. ಮಾತು ದಾರಿಯಲ್ಲಿ ಒಡೆಯುವ ಪದಾರ್ಥವಲ್ಲ. ದಮಯಂತಿಯು ನಳನಿಗೆ ಒಂದು ಗಾಜಿನ ಕುಪ್ಪಿಯನ್ನು ಕಳುಹಿಸಿದ್ದರೆ ಹಂಸವು ಏನು ಮಾಡುತ್ತಿತ್ತೆಂಬುದನ್ನು ಯಾವ ಕವಿಯೂ ವಿಚಾರಿಸಿದಂತೆ ಕಾಣುವುದಿಲ್ಲ.

ಅಂಚೆಯ ಇತಿಹಾಸವನ್ನು ವೇಗದ ಇತಿಹಾಸವನ್ನಾಗಿ ಬರೆಯುವುದು ವಾಡಿಕೆಯಾಗಿ ಬಂದಿದೆ. ಓಟದಾಳು ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಓಡಿದನು, ರೈಲು ಬಂದಮೇಲೆ ಎಷ್ಟು ದಿನ ಉಳಿಯಿತು ಎಂಬ ಲೆಕ್ಕಗಳು ಗ್ರಂಥಗಳಲ್ಲಿ ಹೇರಳವಾಗಿ ಸಿಕ್ಕುವುವು. ವೇಗಕ್ಕೆ ದಾಖಲೆಯುಂಟು, ಕಳೆದುಹೋದುದಕ್ಕೂ ಒಡೆದುಹೋದುದಕ್ಕೂ ದೂರಿನ ಅರ್ಜಿಯ ರೂಪದಲ್ಲಿ ದಾಖಲೆಯುಂಟು. ಆದರೆ ಒಡೆಯಬಹುದಾಗಿದ್ದ ವಸ್ತುವೊಂದು ಒಡೆಯದೆ ಬಂದು ಸೇರಿದರೆ ಅದನ್ನು ಯಾರು ಬರೆದಿಡುವರು? ಅದನ್ನು ಕಟ್ಟಿ ಕಳುಹಿಸಿದವನ ಚಾತುರ್ಯವು, ಅದು ಸಫಲವಾದ ಕಾರಣದಿಂದಲೇ, ಗುರುತಿಲ್ಲದೆ ಹೋಗುವುದು. ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಗೆ ಕಳೆದ ಶತಮಾನದಲ್ಲಿ ಬಂದ ಅತ್ಯಂತ ನವುರಾದ ಪದಾರ್ಥವೆಂದರೆ ರೇಡಿಯೋ ಯಂತ್ರದ ಗಾಜಿನ ವಾಲ್ವು. ಅದು ಬಂದ ದಾರಿಯನ್ನು ಹಿಡಿದು ಹೋದರೆ ಆ ಮರೆತ ಚಾತುರ್ಯವು ಸ್ವಲ್ಪಮಟ್ಟಿಗೆ ಕಣ್ಣಿಗೆ ಬೀಳುವುದು.

ಚಿಕ್ಕದೇವರಾಜ ಒಡೆಯರ ಅಂಚೆಯಿಂದ ಪದಾರ್ಥ ಸಾಗಾಟವನ್ನು ನಿರೀಕ್ಷಿಸತಕ್ಕದ್ದಲ್ಲ. ಅದು ಸುದ್ದಿಯನ್ನು ಸಾಗಿಸುವುದಕ್ಕಷ್ಟೇ ಅಲ್ಲದೆ ಸುದ್ದಿಯನ್ನು ಕಲೆಹಾಕುವುದಕ್ಕೂ ಸಾಧನವಾಗಿದ್ದಿತೆಂದು ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸ್ ಎಂಬ ಆಂಗ್ಲನು ಹೇಳಿರುವನು. ಹೈದರನ ಕಾಲದಲ್ಲಿ ಈ ಗುಣವು ಇನ್ನಷ್ಟು ಬೆಳೆಯಿತು. ೧೭೯೯ರ ಅನಂತರ ದಿವಾನ್ ಪೂರ್ಣಯ್ಯನವರು ಅಂಚೆಯನ್ನು ಪುನಃ ವ್ಯವಸ್ಥೆಗೊಳಿಸಿದರು. ಈ ಕಾಲದಲ್ಲೆಲ್ಲ ಅಂಚೆಯೆಂದರೆ ಹೆಗಲಮೇಲಿನ ಒಂದು ಚೀಲ. ಆ ಚೀಲವನ್ನು ಒಂದು ಕಟ್ಟೆಯಲ್ಲಿ ಒಬ್ಬನು ನೆಲಕ್ಕೆ ಎಸೆದರೆ ಇನ್ನೊಬ್ಬನು ಎತ್ತಿಕೊಂಡು ಓಡುವನು. ಕಾಗದಕ್ಕೆ ಬಿದ್ದರೆ ನೋವಿಲ್ಲ. ಹೀಗೆ ಎಸೆಯುವ ಅಭ್ಯಾಸವು ಓಟದಾಳಿನ ಕಾಲದಲ್ಲಿ ನಿರಪಾಯವಾಗಿದ್ದು, ಅನಂತರದ ಕಾಲಕ್ಕೂ ಹಾಗೆಯೇ ಇಳಿದುಬಂದಿತೆಂಬುದನ್ನು ಒಂದು ಪೊಟ್ಟಣವನ್ನಾದರೂ ಅಂಚೆಗೆ ಹಾಕಿದವರು ಒಪ್ಪುವರು.

೧೮೮೯ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಲೀನವಾಯಿತು. ಸಂಸ್ಥಾನದ ಅಭಿಮಾನಿಗಳಿಗೆ ಇದು ರುಚಿಸದ ವಿಷಯವಾದರೂ ಪದಾರ್ಥಗಳನ್ನು ತರಿಸುವವರಿಗೆ ಇದರಿಂದ ಉಪಕಾರವೇ ಆಯಿತೆನ್ನಬೇಕು. ಆ ಇಲಾಖೆಯಲ್ಲಿ ೧೮೭೭ರಿಂದಲೇ ವಿ.ಪಿ. ಪದ್ಧತಿಯು ಜಾರಿಯಲ್ಲಿದ್ದಿತು, ಅಂದರೆ ಪೊಟ್ಟಣವು ಮನೆಗೆ ಬಂದಮೇಲೆ ಹಣವನ್ನು ಅಂಚೆಯವನ ಕೈಗೆ ಕೊಟ್ಟರೆ ಸಾಕು, ಅದು ಅಂಗಡಿಯವನಿಗೆ ಮುಟ್ಟುತ್ತಿತ್ತು. ೧೮೭೮ರಲ್ಲಿ ವಿಮೆಯೂ ೧೮೮೦ರಲ್ಲಿ ಮನಿಯಾರ್ಡರೂ ಬಂದುವು. ಮುಂಬಯಿ ಮದರಾಸುಗಳ ಅಂಗಡಿಗಳನ್ನು ಕಣ್ಣಿಂದ ಕಾಣದ ಊರಿನವನೂ ಅಲ್ಲಿಯ ಸರಕನ್ನು ತರಿಸಲು ಹೀಗೆ ಸಾಧ್ಯವಾಯಿತು.

ಆದರೆ ಸರ್ಕಾರವು ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಬಿಗಿಹಿಡಿಯಿತು. ೧೮೯೮ರ ಭಾರತೀಯ ಅಂಚೆ ಕಾಯಿದೆಯ ಆರನೆಯ ಪ್ರಕರಣವು, ಅಂಚೆಯಲ್ಲಿ ಸಾಗುವ ಯಾವ ಪದಾರ್ಥವು ಕಳೆದರೂ ತಡವಾದರೂ ತಪ್ಪು ವಿಳಾಸಕ್ಕೆ ಹೋದರೂ ಜಖಂ ಆದರೂ ಸರ್ಕಾರವು ಸ್ಪಷ್ಟವಾದ ಮಾತಿನಲ್ಲಿ ಹೊಣೆಯನ್ನು ವಹಿಸಿದ್ದ ಹೊರತು ಹೊಣೆಯಲ್ಲವೆಂದು ವಿಧಿಸಿತು. ನೌಕರನು ಮೋಸದಿಂದಾಗಲಿ ಬುದ್ಧಿಪೂರ್ವಕವಾಗಿಯಾಗಲಿ ಕೆಡಿಸಿದ್ದರೆ ಮಾತ್ರ ಅವನು ಉತ್ತರ ಕೊಡಬೇಕಾಗಿತ್ತು. ಈ ವಿಧಿಯನ್ನು ಕ್ರೂರವೆಂದು ತೆಗಳುವುದು ಸುಲಭ. ಪೊಟ್ಟಣದೊಳಗೆ ಏನಿದೆಯೆಂಬುದನ್ನು ನೋಡುವ ಅಧಿಕಾರವಿಲ್ಲದವನು, ಅದನ್ನು ಹೇಗೆ ಕಟ್ಟಿದ್ದಾರೆಂಬುದಕ್ಕೆ ಜವಾಬ್ದಾರನಾಗುವುದು ಹೇಗೆಂದು ಇಲಾಖೆಯವರು ಕೇಳಬಹುದು. ನ್ಯಾಯವು ಯಾರ ಕಡೆಯೇ ಇರಲಿ, ಅದರ ಫಲವೊಂದೇ: ದಾರಿಯುದ್ದಕ್ಕೂ ಆಗಬಹುದಾದ ಎಲ್ಲ ಪೆಟ್ಟಿನ ಹೊಣೆಯೂ ದಾರಿಯನ್ನೇ ನೋಡದ, ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆದವನ ತಲೆಯ ಮೇಲೆ ಬಿದ್ದಿತು.

ಗಾಜನ್ನು ದೂರಕ್ಕೆ ಸಾಗಿಸುವ ವಿದ್ಯೆಯು ಅಂಚೆಯೊಡನೆ ಹುಟ್ಟಿದುದಲ್ಲ. ನಮ್ಮ ಬಳೆಗಾರನು ಅದರಲ್ಲಿ ಪಂಡಿತನು. ಅವನು ಬಳೆಗಳನ್ನು ಹುರಿಯಲ್ಲಿ ಒತ್ತಾಗಿ ಪೋಣಿಸಿ ಬಿಗಿದು, ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರಿಂದೂರಿಗೆ ನಡೆಯುತ್ತಿದ್ದನು. ಕಲ್ಲುಮುಳ್ಳಿನ ದಾರಿ, ಬಿಸಿಲು, ಹಳ್ಳ ಯಾವುದೂ ಅವನಿಗೆ ತಪ್ಪಿದುದಲ್ಲ. ಒಂಟಿ ಬಳೆಯು ಬೆರಳ ತುದಿಯ ಒತ್ತಡಕ್ಕೆ ಮುರಿಯುವುದು. ನೂರು ಬಳೆಗಳು ಒಂದಕ್ಕೊಂದು ಆತು ನಿಂತು ಅಲುಗಾಡದಂತಾದರೆ ಮುರಿಯುವುದಿಲ್ಲ. ಗಾಜಿಗೆ ಗಾಜು ತಾಗಿರುವುದರಿಂದ ಭಯವಿಲ್ಲ, ಗಾಜು ಗಾಜನ್ನು ಹೊಡೆಯುವುದರಿಂದ ಭಯ ಎಂಬ ಸೂಕ್ಷ್ಮವನ್ನು ಅವನು ಬಲ್ಲನು. ಅದಕ್ಕಿಂತಲೂ ಮುಖ್ಯವಾದುದು, ಮಲಾರವು ಇರುತ್ತಿದ್ದುದು ಮನುಷ್ಯನ ಹೆಗಲ ಮೇಲೆ. ಹೆಜ್ಜೆಹೆಜ್ಜೆಗೂ ಮೊಣಕಾಲು ಬಗ್ಗುವುದು, ಭುಜವು ತಗ್ಗುವುದು. ನೆಲದ ಪೆಟ್ಟು ಬಳೆಯವರೆಗೆ ಬರುವಷ್ಟರಲ್ಲಿ ಸತ್ತುಹೋಗುವುದು. ಕುಂಬಾರನು ಸಂತೆಗೆ ಮಡಕೆಯನ್ನು ಒಯ್ಯುವಾಗ ಗಾಡಿಯಲ್ಲಿ ಹುಲ್ಲನ್ನು ಹಾಸಿ, ಮಡಕೆ ಮಡಕೆಯ ನಡುವೆಯೂ ಹುಲ್ಲನ್ನು ತುರುಕುವನು. ಅವನ ಎತ್ತಿನ ಗಾಡಿಗೆ ಮೊಣಕಾಲಿಲ್ಲವಾದುದರಿಂದ ಆ ಕೆಲಸವನ್ನು ಹುಲ್ಲು ಮಾಡಬೇಕು. ಬಳೆಗಾರನಿಗೂ ಕುಂಬಾರನಿಗೂ ಇದ್ದ ಅನುಕೂಲವೊಂದುಂಟು: ಕಟ್ಟುವವನೂ ಹೊರುವವನೂ ಮಾರುವವನೂ ಅವನೇ. ತನ್ನ ಗಂಟನ್ನು ತಾನೇ ನೆಲಕ್ಕೆ ಕುಕ್ಕುವವನುಂಟೆ? ಅಂಚೆಯು ಕಿತ್ತುಕೊಂಡುದು ಈ ಅನುಕೂಲವನ್ನೇ.

ನಾಜೂಕಾದ ಯಂತ್ರವೊಂದು ಪರಹಸ್ತಗಳಲ್ಲಿ ಸಾಗಿದಾಗ ಏನಾಗುವುದೆಂಬುದಕ್ಕೆ ದಕ್ಷಿಣದೇಶದಲ್ಲಿ ಒಂದು ಪ್ರಸಿದ್ಧವಾದ ನಿದರ್ಶನವುಂಟು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ಮೋಜಣಿಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ನನು ಲಂಡನ್ನಿನ ಕೇರಿ ಎಂಬ ಕಸುಬುದಾರನಿಂದ ಅರ್ಧ ಟನ್ನಿಗೂ ಮಿಕ್ಕ ತೂಕದ ಥಿಯೊಡೊಲೈಟ್ ಯಂತ್ರವೊಂದನ್ನು ತರಿಸಿದನು. ದಾರಿಯಲ್ಲಿ ಫ್ರೆಂಚರ ಯುದ್ಧನೌಕೆಯು ಆ ಹಡಗನ್ನು ಹಿಡಿದು ಯಂತ್ರವನ್ನು ಮಾರಿಷಸ್ಸಿಗೆ ಒಯ್ದಿತು. ಅಲ್ಲಿಯ ಫ್ರೆಂಚ್ ಅಧಿಕಾರಿಗಳು, ಅದು ಶಾಸ್ತ್ರಕ್ಕೆ ಸಂಬಂಧಪಟ್ಟುದೆಂದು ಮನಗಂಡು, ಉಪಚಾರದ ಪತ್ರದೊಡನೆ ಮದರಾಸಿಗೆ ಕಳುಹಿಸಿಕೊಟ್ಟರು. ೧೮೦೨ರಲ್ಲಿ ಮದರಾಸಿನ ಹತ್ತಿರ ಲ್ಯಾಂಬ್ಟನ್ನನ ಮಹಾಮೋಜಣಿಯು ಪ್ರಾರಂಭವಾಯಿತು. ಶತ್ರುಗಳ ಕೈಗೆ ಸಿಕ್ಕಿ ಸಮುದ್ರದ ಮೇಲೆ ಎರಡು ಸಲ ಸುತ್ತಿದ ಯಂತ್ರವು ಕೆಡಲಿಲ್ಲ. ಅದೇ ಯಂತ್ರವನ್ನು ೧೮೦೮ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ವಿಮಾನದ ಮೇಲಕ್ಕೆ ಹಗ್ಗದಿಂದ ಎತ್ತುತ್ತಿದ್ದಾಗ ಹಗ್ಗವು ಕಿತ್ತು, ಯಂತ್ರವು ಗೋಡೆಗೆ ಅಪ್ಪಳಿಸಿ, ಅದರ ವೃತ್ತಾಕಾರದ ಅಳತೆಯ ಬಳೆಯು ಸೊಟ್ಟಗಾಯಿತು. ಲ್ಯಾಂಬ್ಟನ್ನನು ಗುಡಾರದೊಳಗೆ ಕುಳಿತು ಆರು ವಾರಗಳ ಕಾಲ ಬಡಿದು ಎಳೆದು ಅದನ್ನು ಸರಿಪಡಿಸಿದನು. ಸಾವಿರಾರು ಮೈಲಿಯ ಪ್ರಯಾಣದಲ್ಲಿ ಕೆಡದ ವಸ್ತುವು ಕಡೆಯ ಇನ್ನೂರು ಅಡಿಯಲ್ಲಿ ಕೆಟ್ಟಿತು. ರೇಡಿಯೋ ವಾಲ್ವಿನ ಕಥೆಯಲ್ಲಿಯೂ ಕಡೆಯ ಗಾವುದವೇ ಕಠಿನವಾದುದು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಾದ ವಿಠಲ ವಿಹಾರದಲ್ಲಿ ಮೂವತ್ತು ವ್ಯಾಟಿನ ಪುಟ್ಟ ಪ್ರೇಷಕವನ್ನಿಟ್ಟು ಬಾನುಲಿಯನ್ನು ಪ್ರಾರಂಭಿಸಿದುದು ಕನ್ನಡನಾಡಿನವರೆಲ್ಲರಿಗೂ ಹೆಮ್ಮೆಯ ವಿಷಯ. ಆಕಾಶವಾಣಿಯೆಂಬ ಹೆಸರು ಮೊದಲು ಈ ನಿಲಯಕ್ಕೆ ಸಂದು, ಅನಂತರ ದೇಶಕ್ಕೆಲ್ಲ ಹಬ್ಬಿತು. ೧೯೪೨ರಲ್ಲಿ ಸಂಸ್ಥಾನದ ಸರ್ಕಾರವು ಅದನ್ನು ವಹಿಸಿಕೊಂಡಿತು. ೧೯೫೦ರಲ್ಲಿ ಅದು ಅಖಿಲ ಭಾರತ ಬಾನುಲಿಯಲ್ಲಿ ಸೇರಿತು. ೧೯೫೫ರಲ್ಲಿ ಬೆಂಗಳೂರಿಗೆ ಹೋಯಿತು. ಈ ಕಥೆಯನ್ನು ಹೇಳುವವರೆಲ್ಲ ಧ್ವನಿಯು ಹೊರಟ ಕಡೆಯನ್ನು ವರ್ಣಿಸುವರು. ಧ್ವನಿಯು ಆಕಾಶಮಾರ್ಗವಾಗಿ ಕ್ಷಣಮಾತ್ರದಲ್ಲಿ ಗುಂಡ್ಲುಪೇಟೆಗೆ ಬಂದೀತು. ಅದನ್ನು ಹಿಡಿಯುವ ಯಂತ್ರ ಮಾತ್ರ ನೆಲದ ಮೇಲೆಯೇ ಬರಬೇಕಾಗಿತ್ತು. ಯಂತ್ರವನ್ನಿಟ್ಟುಕೊಳ್ಳುವವರು ಅಂಚೆಕಚೇರಿಯಲ್ಲಿಯೇ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿದ್ದಿತು. ಆ ಕಟ್ಟಳೆಯು ರದ್ದಾದುದು ೧೯೮೦ರ ದಶಕದಲ್ಲಿ. ಆ ಯಂತ್ರದ ವಾಲ್ವು ಕೆಟ್ಟರೆ ಹೊಸದು ಬರುತ್ತಿದ್ದುದೂ ಅನೇಕ ವೇಳೆ ಅದೇ ಕಚೇರಿಯ ಕಿಟಕಿಯ ಮೂಲಕ.

ವಾಲ್ವಿಗೆ ಸಂಸ್ಕೃತಜ್ಞರು ಕವಾಟವೆಂದು ಹೆಸರಿಟ್ಟರೂ ಪೇಟೆಯಲ್ಲಿ ಯಾರೂ ಆ ಮಾತನ್ನು ಬಳಸಲಿಲ್ಲ. ಎಲ್ಲರಿಗೂ ಅದು ವಾಲ್ವೇ. ಅದು ಗಾಳಿಯನ್ನು ಸಂಪೂರ್ಣವಾಗಿ ಹೊರತೆಗೆದ ಒಂದು ಗಾಜಿನ ಬುರುಡೆ. ಒಳಗೆ ಕಾದು ಕೆಂಪಗಾಗುವ ತಂತಿ, ಅದರ ಸುತ್ತಲೂ ಕೂದಲೆಳೆಯಂಥ ತಂತಿಯ ಜಾಲರಿ, ಅದರಾಚೆ ಲೋಹದ ತಗಡು. ಇವುಗಳನ್ನು ಅಭ್ರಕದ ಬಿಲ್ಲೆಗಳು ಸ್ವಸ್ಥಾನದಲ್ಲಿ ಹಿಡಿದಿರುವುವು. ಹೊರಗಿನ ಗಾಜು ಒಡೆದರೆ ಕೆಟ್ಟಿತೆಂಬುದು ಎಲ್ಲರಿಗೂ ಕಾಣುವುದು. ಗಾಜು ಒಡೆಯದೆಯೂ ಒಳಗಿನ ತಂತಿ ತುಂಡಾಗಬಹುದು, ಜಾಲರಿಯು ವಾಲಿ ಪಕ್ಕದ ತಂತಿಗೆ ತಗಲಬಹುದು, ಕಾಲಿನ ಕಡ್ಡಿಯು ಗಾಜನ್ನು ಹೊಕ್ಕ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡಬಹುದು. ೧೯೩೫ರ ಸುಮಾರಿಗೆ ಬಂದ ಎಂಟು ಕಾಲಿನ ವಾಲ್ವುಗಳಿಗೆ ಬೇಕಲೈಟಿನ ಗಟ್ಟಿ ಪೀಠವಿದ್ದಿತು. ಪೆಟ್ಟು ಬಿದ್ದರೆ ಅದು ಸ್ವಲ್ಪ ತಡೆಯುವುದು. ಅನಂತರದ ಇ.ಎಲ್. ೮೪ ಮುಂತಾದ ಪೂರಾ ಗಾಜಿನ ವಾಲ್ವುಗಳಲ್ಲಿ ಪೀಠವೇ ಇಲ್ಲ. ಕಡ್ಡಿಗಳು ನೇರವಾಗಿ ಗಾಜಿನಿಂದಲೇ ಹೊರಟಿರುವುವು. ಒಂದು ಕಡ್ಡಿಯು ಬಾಗಿದರೂ ಬುಡದ ಗಾಜಿಗೆ ಅಪಾಯ. ವಿದ್ಯುತ್ತು ಇಲ್ಲದ ಹಳ್ಳಿಗಳ ಬ್ಯಾಟರಿ ರೇಡಿಯೋಗಳಲ್ಲಿದ್ದ ಡಿ.ಕೆ. ೯೬, ಡಿ.ಎಲ್. ೯೬ ಮೊದಲಾದುವುಗಳು ಎಲ್ಲಕ್ಕಿಂತ ನಾಜೂಕು. ಬ್ಯಾಟರಿಯು ಬೇಗ ಮುಗಿಯಬಾರದೆಂದು ಅವುಗಳ ಕಾಯುವ ತಂತಿಯನ್ನು ಅತಿ ಸಪುರವಾಗಿ ಮಾಡಿದ್ದರು. ವಿದ್ಯುತ್ತಿಲ್ಲದ ಊರು ಎಂದರೆ ಸಾಮಾನ್ಯವಾಗಿ ಒಳ್ಳೆಯ ರಸ್ತೆಯೂ ಇಲ್ಲದ ಊರು. ಹೀಗೆ ಎಲ್ಲಕ್ಕಿಂತ ಬೇಗ ಮುರಿಯುವ ವಾಲ್ವು ಎಲ್ಲಕ್ಕಿಂತ ಕೆಟ್ಟ ದಾರಿಯಲ್ಲಿಯೇ ಪ್ರಯಾಣ ಮಾಡಬೇಕಾಗಿದ್ದಿತು.

ಆ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಅನುಸರಿಸಬಹುದು. ಇಂಗ್ಲೆಂಡಿನಲ್ಲಿಯೋ ಹಾಲೆಂಡಿನಲ್ಲಿಯೋ ತಯಾರಾದ ವಾಲ್ವು ಹಡಗಿನಲ್ಲಿ ಮುಂಬಯಿಗೋ ಮದರಾಸಿಗೋ ಬಂದು, ಮದರಾಸಿನಿಂದ ಬ್ರಾಡ್‌ಗೇಜ್ ರೈಲಿನಲ್ಲಿ ಬೆಂಗಳೂರಿಗೆ ಬರುವುದು. ಬೆಂಗಳೂರು ಮೈಸೂರುಗಳ ನಡುವಣ ೧೮೮೨ರ ರೈಲುದಾರಿಯು ಮೀಟರ್‌ಗೇಜಾಗಿದ್ದುದರಿಂದ ಅಲ್ಲಿ ಗಂಟುಮೂಟೆಗಳನ್ನೆಲ್ಲ ಇಳಿಸಿ ಬೇರೆ ಗಾಡಿಗೆ ಏರಿಸಬೇಕು. ಮೈಸೂರಿನಿಂದ ನಂಜನಗೂಡಿಗೆ ೧೮೯೧ರಿಂದಲೂ ರೈಲಿದ್ದಿತು. ಅಲ್ಲಿಂದ ಮುಂದಕ್ಕೆ ಚಾಮರಾಜನಗರದವರೆಗೆ ೧೯೨೬ರಲ್ಲಿ ಕಂಬಿ ಬಿದ್ದಿತು. ಹಿಂದೆ ಅರಿಕುಠಾರವೆಂದು ಕರೆಸಿಕೊಂಡು, ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅವರ ತಂದೆಯವರ ಹೆಸರನ್ನು ಪಡೆದ ಈ ಊರು ಹೀಗೆ ರೈಲಿನ ಕೊನೆಯ ನಿಲ್ದಾಣವಾಯಿತು. ಸತ್ಯಮಂಗಲದ ಕಡೆಗೆ ಮುಂದುವರಿಸಬೇಕೆಂಬ ಮಾತು ಬಹುಕಾಲದಿಂದ ಇದ್ದೇ ಇದೆ. ಕಂಬಿಯು ಬ್ರಾಡ್‌ಗೇಜಾದ ಮೇಲೂ ಊರು ಕೊನೆಯ ನಿಲ್ದಾಣವಾಗಿಯೇ ಉಳಿದಿದೆ.

ರೈಲಿನ ಕೊನೆಯಲ್ಲಿರುವುದು ಪೊಟ್ಟಣದ ಪಾಲಿಗೆ ಒಂದು ಭಾಗ್ಯವೆಂದೇ ಹೇಳಬೇಕು. ನಡುದಾರಿಯ ನಿಲ್ದಾಣದಲ್ಲಿ ಗಾಡಿಯು ಎರಡು ನಿಮಿಷ ನಿಲ್ಲುವುದು. ಅಷ್ಟರಲ್ಲಿ ಚೀಲವನ್ನು ಹೊರಕ್ಕೆ ಎಸೆದೇ ತೀರಬೇಕು. ಗಾಡಿಯು ಮುಂದಕ್ಕೆ ಹೋಗದ ಊರಿನಲ್ಲಿ ಅವಸರವಿಲ್ಲ, ನಿಧಾನವಾಗಿ ಇಳಿಸಬಹುದು. ಗುಂಡ್ಲುಪೇಟೆಗೆ ಆ ಭಾಗ್ಯವಿಲ್ಲ. ಅಲ್ಲಿಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೈಸೂರಿನಿಂದಾದರೆ ನಂಜನಗೂಡು ಬೇಗೂರುಗಳ ಮೇಲೆ ಸುಮಾರು ೬೦ ಕಿಲೋಮೀಟರು, ಚಾಮರಾಜನಗರದಿಂದಾದರೆ ತೆರಕಣಾಂಬಿಯ ಮೇಲೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಯಾವ ಕಡೆಯಿಂದ ಬಂದರೂ ರಸ್ತೆಯೇ ಗತಿ. ಗಾಡಿಯ ಕಬ್ಬಿಣದ ಪಟ್ಟಿಯ ಚಕ್ರದ ಮೇಲಾಗಲಿ ಬಸ್ಸಿನ ಟಾಪಿನ ಮೇಲಾಗಲಿ ಕುಳಿತ ಪೊಟ್ಟಣಕ್ಕೆ ಬೀಳುವ ಪೆಟ್ಟು ಒಂದೆರಡಲ್ಲ, ಲೆಕ್ಕವಿಲ್ಲದ ಸಣ್ಣ ಪೆಟ್ಟುಗಳು. ಬೀಳುವುದರಿಂದ ಆಗುವ ಕೇಡು ಬೇರೆ, ಅಲುಗಾಟದಿಂದ ಆಗುವ ಕೇಡು ಬೇರೆ. ಅಲುಗಾಟವು ವಾಲ್ವನ್ನು ನೇರವಾಗಿ ಮುರಿಯುವುದು ಕಡಿಮೆ. ಅದು ಸುತ್ತಲಿನ ಹುಲ್ಲನ್ನೂ ಹೊಟ್ಟನ್ನೂ ಕೆಳಕ್ಕೆ ಕೂರಿಸಿ, ಮೇಲೆ ಖಾಲಿ ಜಾಗವನ್ನು ಮಾಡಿ, ವಾಲ್ವನ್ನು ಮೆಲ್ಲನೆ ಒಂದು ಮೂಲೆಗೆ ಜರುಗಿಸಿಕೊಂಡು ಹೋಗುವುದು. ಅದು ಹಲಗೆಗೆ ಆನಿಕೊಂಡ ಮೇಲೆ, ಕಡೆಯ ಕಟ್ಟೆಯಲ್ಲಿ ಕಡೆಯ ಆಳು ಪೆಟ್ಟಿಗೆಯನ್ನು ಸೊಂಟದೆತ್ತರದಿಂದ ಬಿಟ್ಟನೆಂದರೆ ತೀರಿತು. ದೂರನ್ನು ಹೊರುವವನು ಆ ಕಡೆಯ ಆಳು. ತಪ್ಪು ಮಾತ್ರ ಎಷ್ಟೋ ಹಿಂದೆಯೇ ಆಗಿಹೋಗಿರುವುದು.

ವಾಲ್ವನ್ನು ಮಾಡಿದ ಕಾರ್ಖಾನೆಯವರಿಗೆ ಈ ವಿದ್ಯೆಯು ಚೆನ್ನಾಗಿ ತಿಳಿದಿದ್ದಿತು. ಅಮೆರಿಕೆಯ ಆಲ್ಬರ್ಟ್ ಜೋನ್ಸ್ ಎಂಬುವನು ೧೮೭೧ರಲ್ಲಿಯೇ ಸೀಸೆಗಳಿಗೂ ದೀಪದ ಚಿಮಣಿಗಳಿಗೂ ಸುತ್ತುವುದಕ್ಕಾಗಿ ಸುಕ್ಕುಸುಕ್ಕಾದ ಕಾಗದದ ಹಾಳೆಗೆ ಹಕ್ಕುಪತ್ರವನ್ನು ಪಡೆದಿದ್ದನು. ವಾಲ್ವಿನ ಪುಟ್ಟ ರಟ್ಟಿನ ಗೂಡಿನಲ್ಲಿದ್ದುದು ಆ ಹಾಳೆಯೇ. ಅದನ್ನು ಸುರುಳಿ ಸುತ್ತಿ, ವಾಲ್ವು ನಡುವೆ ತೂಗಿದಂತೆ ಇರಿಸುತ್ತಿದ್ದರು. ಗಾಜು ರಟ್ಟಿನ ಯಾವ ಮುಖಕ್ಕೂ ತಾಗದು. ಹೀಗೆ ಮಾಡುವುದರ ಹಿಂದಿನ ಗಣಿತವು ಬಹು ಸರಳವಾದುದು. ಒಂದು ಮೀಟರು ಎತ್ತರದಿಂದ ಬಿದ್ದ ವಸ್ತುವು ನೆಲಕ್ಕೆ ಬಡಿದು ಒಂದು ಮಿಲಿಮೀಟರಿನೊಳಗೆ ನಿಂತುಬಿಟ್ಟರೆ, ಆ ನಿಲ್ಲುವಾಗ ಅದರ ಮೇಲೆ ಬೀಳುವ ಬಲವು ಸರಾಸರಿ ಅದರ ತೂಕದ ಸಾವಿರದಷ್ಟು. ನಾಲ್ಕು ಸೆಂಟಿಮೀಟರು ಹುಲ್ಲನ್ನು ಒತ್ತಿಕೊಂಡು ಮೆಲ್ಲನೆ ನಿಂತರೆ ಇಪ್ಪತ್ತೈದರಷ್ಟು ಮಾತ್ರ. ಬೀಳುವುದನ್ನು ತಪ್ಪಿಸಲು ಕಳುಹಿಸುವವನಿಂದಾಗದು. ನಿಲ್ಲುವುದಕ್ಕೆ ಸ್ವಲ್ಪ ದೂರವನ್ನು ಕೊಡಲು ಆಗುವುದು. ಬಳೆಗಾರನ ಮೊಣಕಾಲು ಕೊಡುತ್ತಿದ್ದುದೂ ಈ ದೂರವನ್ನೇ.

ಕೆಲಸವು ಕೆಡುತ್ತಿದ್ದುದು ಸಾಮಾನ್ಯವಾಗಿ ನಡುದಾರಿಯಲ್ಲಿ, ದೊಡ್ಡ ಊರಿನ ಅಂಗಡಿಯಲ್ಲಿ. ಕಾರ್ಖಾನೆಯ ದೊಡ್ಡ ಪೆಟ್ಟಿಗೆಯನ್ನು ಅಲ್ಲಿ ಒಡೆದು ಒಂದೆರಡು ವಾಲ್ವುಗಳನ್ನು ಬಿಡಿಯಾಗಿ ಕಳುಹಿಸಬೇಕು. ಪುಟ್ಟ ಗೂಡನ್ನು ಹಾಗೆಯೇ ಮಾರ್ಕೀನು ಬಟ್ಟೆಯಲ್ಲಿ ಸುತ್ತಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆಯನ್ನೊತ್ತಿ ಕಳುಹಿಸಿದರೆ ನೋಡುವುದಕ್ಕೆ ಅಚ್ಚುಕಟ್ಟು. ಅರಗು ಕಳ್ಳನನ್ನು ತಡೆಯುವುದು, ಪೆಟ್ಟನ್ನು ತಡೆಯದು. ತೂಕಕ್ಕೆ ತಕ್ಕ ಅಂಚೆಯ ಖರ್ಚು ಕೂಡುವುದರಿಂದ ಹೊರಪೆಟ್ಟಿಗೆಯನ್ನು ಉಳಿಸುವ ಆಸೆ ಬೇರೆ. ಇದಕ್ಕಿಂತಲೂ ದೊಡ್ಡ ಅವಿವೇಕವೆಂದರೆ ಭಾರವಾದ ಬ್ಯಾಟರಿಯನ್ನೋ ಟ್ರಾನ್ಸ್‌ಫಾರ್ಮರನ್ನೋ ವಾಲ್ವಿನೊಡನೆ ಒಂದೇ ಪೆಟ್ಟಿಗೆಯಲ್ಲಿ ಹಾಕುವುದು. ತೊಂಬತ್ತು ವೋಲ್ಟಿನ ಒಣಬ್ಯಾಟರಿಯು ಇಟ್ಟಿಗೆಯಂತಿರುವುದು. ಇಟ್ಟಿಗೆಯೊಡನೆ ಮೊಟ್ಟೆಯನ್ನು ಕಟ್ಟಿ ಕಳುಹಿಸುವವರುಂಟೆ? ಈ ಸೀಮೆಯಲ್ಲಿ ಸುಲಭವಾಗಿ ಸಿಕ್ಕುವ ವಸ್ತುಗಳೆಲ್ಲವೂ ಈ ಕೆಲಸಕ್ಕೆ ಸಮನಾದುವಲ್ಲ. ಭತ್ತದ ಹೊಟ್ಟು ಅಲುಗಾಟಕ್ಕೆ ನೀರಿನಂತೆ ಜಾರಿ ತಳ ಸೇರುವುದು. ಅರಳೆಯು ಮೆತ್ತಗಿದ್ದರೂ ಒಮ್ಮೆ ಅಮುಕಿದ ಮೇಲೆ ಮತ್ತೆ ಎದ್ದುನಿಲ್ಲದು. ಚೆನ್ನಾಗಿ ಒಣಗಿದ ಹುಲ್ಲೂ ತೆಂಗಿನ ನಾರೂ ಸ್ಥಿತಿಸ್ಥಾಪಕ ಗುಣವುಳ್ಳವುಗಳಾದುದರಿಂದ ಮೇಲು. ಹಸಿಯಾದ ಹುಲ್ಲು ಬೂಷ್ಟು ಹಿಡಿದು ಧ್ವನಿವರ್ಧಕದ ಕಾಗದದ ಶಂಕುವನ್ನು ಕೆಡಿಸುವುದು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ವಾಲ್ವುಗಳು ಸೈನ್ಯದ ಪಾಲಾದುವು. ಮನೆಯ ರೇಡಿಯೋಗಳಿಗೆ ಸಿಕ್ಕುವುದು ದುರ್ಲಭವಾಯಿತು. ಯುದ್ಧವು ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದುವು ಪೇಟೆಗೆ ಬಂದುವು. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಸಮುದ್ರದಾಚೆಯಿಂದ ಬರುತ್ತಿದ್ದ ವಸ್ತುವು ಮೈಸೂರಿಗೆ ನೂರೈವತ್ತು ಕಿಲೋಮೀಟರಿನೊಳಗೇ ಹುಟ್ಟುವಂತಾಯಿತು. ವಿಧಿವಿಲಾಸವೆಂದರೆ ಅದೇ ಕಾರ್ಖಾನೆಯು ಮರುವರ್ಷವೇ, ೧೯೬೨ರಲ್ಲಿ, ಜರ್ಮೇನಿಯಂ ಅರ್ಧವಾಹಕಗಳನ್ನೂ ತಯಾರಿಸಿತು. ೧೯೪೭ರಲ್ಲಿ ಅಮೆರಿಕೆಯಲ್ಲಿ ಸೃಷ್ಟಿಯಾದ ಟ್ರಾನ್ಸಿಸ್ಟರು ಕಡಲೆಯಷ್ಟು ಚಿಕ್ಕದು, ಗಾಜಿಲ್ಲ, ಕಾಯುವ ತಂತಿಯಿಲ್ಲ. ಹೊಲದ ಬದುವಿನಿಂದ ಬಿದ್ದರೂ ಹಾಡುತ್ತಲೇ ಇರುವುದು. ಹಳ್ಳಿಯ ಬ್ಯಾಟರಿ ರೇಡಿಯೋದ ಕಾಲವು ಅಲ್ಲಿಗೆ ಮುಗಿಯಿತು. ದೊಡ್ಡ ಮರದ ಪೆಟ್ಟಿಗೆಯ ರೇಡಿಯೋಗಳು ನಡುಮನೆಯಿಂದ ಅಟ್ಟಕ್ಕೆ ಹೋದುವು.

ಅಟ್ಟಕ್ಕೆ ಹೋದುವೆಂದರೆ ನಾಶವಾದುವೆಂದು ಅರ್ಥವಲ್ಲ. ಅವುಗಳನ್ನು ಇಳಿಸಿ ಧೂಳು ಕೊಡವಿ ಮತ್ತೆ ನುಡಿಸಬೇಕೆಂಬ ಆಸೆಯುಳ್ಳವರು ಈಗ ಅನೇಕರಿದ್ದಾರೆ. ದೇಶದಲ್ಲಿ ಮನೆಯ ರೇಡಿಯೋ ವಾಲ್ವುಗಳ ತಯಾರಿಕೆಯು ನಿಂತು ಬಹುಕಾಲವಾಯಿತು. ರಷ್ಯ, ಸ್ಲೊವಾಕಿಯಾ, ಚೀನಗಳಲ್ಲಿ ಸಂಗೀತಯಂತ್ರಗಳಿಗೆ ಬೇಕಾದ ಇ.ಎಲ್. ೮೪ ಮುಂತಾದ ಕೆಲವನ್ನು ಈಗಲೂ ಮಾಡುತ್ತಿದ್ದಾರೆ, ಡಿ.ಕೆ. ೯೬ರಂಥವುಗಳು ಹಳೆಯ ದಾಸ್ತಾನಿನಿಂದಲೇ ಬರಬೇಕು. ಹಿಂದೆ ದಾರಿಯಲ್ಲಿ ಒಂದು ಒಡೆದರೆ ನಷ್ಟವು ಕೆಲವು ರೂಪಾಯಿ, ಕೆಲವು ವಾರ. ಈಗ ಒಡೆದುದಕ್ಕೆ ಪ್ರತಿಯಾಗಿ ಇನ್ನೊಂದು ಹುಟ್ಟುವುದಿಲ್ಲ. ಕಾಯಿದೆಯೂ ಹಿಂದಿನಂತೆಯೇ ಇದೆ: ೧೮೯೮ರ ಶಾಸನವನ್ನು ತೆಗೆದು ೨೦೨೩ರಲ್ಲಿ ಮಾಡಿ ೨೦೨೪ರಲ್ಲಿ ಜಾರಿಗೆ ತಂದ ಹೊಸ ಶಾಸನವೂ, ನಿಯಮಗಳಲ್ಲಿ ಹೇಳಿದಷ್ಟನ್ನು ಬಿಟ್ಟರೆ ಅಂಚೆಯು ಹೊಣೆಯಲ್ಲವೆನ್ನುವುದು.

ಸ್ವಾರಸ್ಯವೇನೆಂದರೆ ದಾರಿಯ ದಿಕ್ಕು ಈಗ ತಿರುಗಿದೆ. ಹಿಂದೆ ವಾಲ್ವು ಪಟ್ಟಣದಿಂದ ಇಲ್ಲಿಗೆ ಬರುತ್ತಿದ್ದಿತು. ಈಗ ಹಳೆಯ ಮನೆಗಳ ಅಟ್ಟದಿಂದ ಪಟ್ಟಣದ ಸಂಗ್ರಾಹಕರ ಕಡೆಗೆ ಹೋಗುವುದೂ ಉಂಟು. ಹಾಗೆ ಕಳುಹಿಸುವವರು ಅಂಗಡಿಯವರಲ್ಲ, ಮನೆಯವರು. ಅವರು ರೇಡಿಯೋವನ್ನು ವಾಲ್ವುಗಳ ಸಮೇತ ಪೆಟ್ಟಿಗೆಯಲ್ಲಿಟ್ಟು ಸುತ್ತಲೂ ಹಳೆಯ ಬಟ್ಟೆಯನ್ನು ತುರುಕುವುದುಂಟು. ಭಾರವಾದ ಯಂತ್ರವು ಒಳಗೆ ಜರುಗಿದರೆ ಮೊದಲು ಮುರಿಯುವುದು ಎತ್ತರವಾಗಿ ನಿಂತ ವಾಲ್ವು, ಆಮೇಲೆ ಊರುಗಳ ಹೆಸರು ಬರೆದ ಗಾಜಿನ ಫಲಕ. ಪ್ರತಿಯೊಂದು ವಾಲ್ವನ್ನೂ ಅದು ಯಾವ ಸ್ಥಾನದ್ದೆಂದು ಗುರುತು ಹಾಕಿ, ನೇರವಾಗಿ ಮೇಲಕ್ಕೆಳೆದು ಬಿಡಿಸಬೇಕು. ಕಡ್ಡಿಗಳಿಗೆ ರಟ್ಟಿನ ಅಥವಾ ಬೆಂಡಿನ ತುಂಡನ್ನು ಸಿಕ್ಕಿಸಬೇಕು. ಮೇಲೆ ಬರೆದ ಅಕ್ಷರವು ಅಳಿಸದಂತೆ ಮೊದಲು ತೆಳುಕಾಗದವನ್ನೂ ಅದರ ಮೇಲೆ ಗುಳ್ಳೆಯ ಪ್ಲಾಸ್ಟಿಕ್ಕನ್ನೂ ಸುತ್ತಬೇಕು. ಈ ಗುಳ್ಳೆಯ ಹಾಳೆಯನ್ನು ೧೯೫೭ರಲ್ಲಿ ಅಮೆರಿಕೆಯ ಇಬ್ಬರು ಗೋಡೆಗೆ ಅಂಟಿಸುವುದಕ್ಕೆಂದು ಮಾಡಿದರು. ಗೋಡೆಯ ಮೇಲೆ ಅದನ್ನು ಯಾರೂ ಬಯಸಲಿಲ್ಲ, ಯಂತ್ರಗಳನ್ನು ಕಳುಹಿಸುವವರು ಬಯಸಿದರು. ಹೀಗೆ ಸುತ್ತಿದುವನ್ನು ಒಂದು ಚಿಕ್ಕ ಗಟ್ಟಿ ಪೆಟ್ಟಿಗೆಯಲ್ಲಿ ಅಲುಗದಂತೆ ಇಟ್ಟು, ಆ ಪೆಟ್ಟಿಗೆಯನ್ನು ದೊಡ್ಡದೊಂದರೊಳಗೆ, ಆರು ಮುಖಗಳಲ್ಲಿಯೂ ನಾಲ್ಕು ಬೆರಳು ಜಾಗ ಬಿಟ್ಟು, ಆ ಜಾಗವನ್ನು ಮುದುಡಿದ ಕಾಗದದಿಂದ ತುಂಬಿ ಮುಚ್ಚಬೇಕು. ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಏನೂ ಕೇಳಿಸಬಾರದು. ‘ಗಾಜು, ಜೋಕೆ’ ಎಂದು ದಪ್ಪಕ್ಷರದಲ್ಲಿ ಬರೆಯುವುದು ಒಳ್ಳೆಯದೇ. ಅದನ್ನು ಯಾರೂ ಓದುವುದಿಲ್ಲವೆಂದು ಭಾವಿಸಿ ಕಟ್ಟುವುದು ಇನ್ನೂ ಒಳ್ಳೆಯದು.

ಬಂದ ಪೊಟ್ಟಣವನ್ನು ಬಿಚ್ಚುವಾಗ ನೋಡಬೇಕಾದ ಗುರುತೊಂದುಂಟು. ವಾಲ್ವಿನ ನೆತ್ತಿಯ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಬಣ್ಣದ ಮಚ್ಚೆಯಿರುವುದು. ಅದು ಬೇರಿಯಂ ಲೋಹದ ಲೇಪ. ಒಳಗೆ ಉಳಿದ ಗಾಳಿಯ ಲೇಶವನ್ನು ಹೀರುವುದಕ್ಕಾಗಿ ಕಾರ್ಖಾನೆಯಲ್ಲಿ ಹಾಕಿದುದು. ಕಣ್ಣಿಗೆ ಕಾಣದ ಬಿರುಕಿನಿಂದ ಗಾಳಿಯು ನುಗ್ಗಿದ್ದರೆ ಆ ಬೆಳ್ಳಿಯು ಸುಣ್ಣದಂತೆ ಬೆಳ್ಳಗಾಗಿರುವುದು. ಹಾಗಾದುದನ್ನು ಯಂತ್ರಕ್ಕೆ ಹಾಕಿ ನೋಡಬೇಕಾಗಿಲ್ಲ. ಬೆಳ್ಳಿಯು ಬೆಳ್ಳಿಯಾಗಿಯೇ ಇದ್ದರೆ ಗಾಜಿನ ಮಟ್ಟಿಗೆ ಪ್ರಯಾಣವು ಸುಖವಾಗಿ ಮುಗಿಯಿತು. ಒಳಗಿನ ತಂತಿಯನ್ನು ಮೀಟರು ಹಚ್ಚಿ ನೋಡಬಹುದು.

ಆ ಕಾಲದಲ್ಲಿ ಪೊಟ್ಟಣವು ಬಂದ ಮನೆಯಲ್ಲಿ ಇಷ್ಟೆಲ್ಲ ಪರೀಕ್ಷೆಗೆ ವ್ಯವಧಾನವೆಲ್ಲಿ? ವಾಲ್ವನ್ನು ಸಿಕ್ಕಿಸಿ, ಅದು ಕೆಂಪಗಾಗುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದು, ಮೈಸೂರಿನ ಧ್ವನಿ ಕೇಳಿಸಿದೊಡನೆ ಯಂತ್ರದ ಕಡೆಗೆ ತಿರುಗುವರು. ಮಾರ್ಕೀನು ಬಟ್ಟೆಯು ಒಗೆದು ಒರಸುಬಟ್ಟೆಯಾಗುವುದು. ಮರದ ಪೆಟ್ಟಿಗೆಯು ಮೆಣಸಿನಕಾಯಿ ತುಂಬುವುದಕ್ಕೆ ಅಡಿಗೆಮನೆಗೆ ಹೋಗುವುದು. ಹುಲ್ಲನ್ನು ಮಾತ್ರ ಯಾರಾದರೂ ಹುಡುಗರು ಬಾಚಿ ಒಯ್ದು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಹಾಕುವರು.